ಖಣದ ಚೀಲದ ಮೇಲಿನ ಹೆಸರು

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚೀಲದ ಮೇಲೆ ಹಾಕಬೇಕಾದ ಹೆಸರು ಬಿಟ್ಟು ಬೇರೆ ಹೆಸರು ಹೊಲಿದೆ. ಆಮೇಲೆ ಬಿಚ್ಚು ಅಂದರು, ಬಿಚ್ಚಲಿಲ್ಲ. ಮೊದಲನೆಯದು ತಪ್ಪು, ಎರಡನೆಯದು ತಪ್ಪಲ್ಲ. ನಮ್ಮ ಓಣಿಯಲ್ಲಿ ಇವತ್ತಿಗೂ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾತಾಡುವವರಿದ್ದಾರೆ. ಮಾತಾಡಲಿ, ಅವರ ಬಾಯಿಗೆ ನಾನು ಗುಂಡಿ ಹಚ್ಚಲಾರೆ.

ನಾನು ಸಿದ್ದೀಕಾ. ಸಿಂದಗಿ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಮುಂದಿನ ಕೋಣೆಯೇ ಹೊಲಿಗೆ ಕೋಣೆ, ಬಾಗಿಲ ಮೇಲೆ ‘ಹನೀಫ ಟೇಲರ್ಸ್’ ಎಂಬ ಬೋರ್ಡು. ಮಹಮ್ಮದಹನೀಫ ನನ್ನ ಗಂಡ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆ ಎಂಟು ವರ್ಷದ ಹಿಂದೆಯೇ ಮಷೀನು ಬಿಟ್ಟು, ಈಗ ತಮ್ಮ ದೋಸ್ತನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾರೆ. ಬೋರ್ಡು ಬದಲಿಸಿರಿ ಎಂದು ನಾಲ್ಕು ಸಲ ಹೇಳಿದ್ದೇನೆ. ಬಣ್ಣ ಇನ್ನೂ ಗಟ್ಟಿ ಇದೆ ಅನ್ನುತ್ತಾರೆ.

ಚೀಲದ ಕೆಲಸ ಶುರುವಾದದ್ದು ಲಾಕ್‌ಡೌನಿನಲ್ಲಿ. ಮಾಸ್ಕು ಹೊಲಿದು ಉಳಿದ ಬಟ್ಟೆಯಿಂದ ನನ್ನ ಮಗಳು ಹುಮಾಳಿಗೆ ಒಂದು ಸೈಡ್ ಬ್ಯಾಗು ಹೊಲಿದುಕೊಟ್ಟೆ. ಹೆಗಲಿನಿಂದ ಅಡ್ಡ ಬಂದು ಸೊಂಟದ ಹತ್ತಿರ ಕೂರುವ, ಎರಡೂ ಕೈ ಖಾಲಿ ಬಿಡುವ ಚೀಲ. ಇಂಡಿ ಊರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ಹುಮಾ, ಕಾಲೇಜು ತೆರೆದ ಮೇಲೆ ಅದನ್ನು ಹಾಕಿಕೊಂಡು ಹೋದಳು, ಗೆಳತಿಯರು ಎಲ್ಲಿ ತಗೊಂಡೆ ಎಂದು ಕೇಳಿದರು. ಅಲ್ಲಿಂದ ಸುದ್ದಿ ಹಬ್ಬಿತು. ನನ್ನ ಕಾಯ್ದೆ ಒಂದೇ: ಬಟ್ಟೆ ನಿಮ್ಮದು, ಅಳತೆ ನಿಮ್ಮದು, ಹೆಸರು ನಿಮ್ಮದು, ಹೊಲಿಗೆ ಮಾತ್ರ ನನ್ನದು. ಮುದ್ದೇಬಿಹಾಳದ ನರ್ಸಮ್ಮ ಕತ್ತರಿಗೊಂದು ಉದ್ದನೆಯ ಜೇಬು ಬೇಡಿದಳು. ಬಸವನ ಬಾಗೇವಾಡಿಯ ಒಬ್ಬ ಅಜ್ಜಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಮೂರಕ್ಕೂ ಬೇರೆ ಬೇರೆ ಜೇಬು ಮಾಡಿಸಿಕೊಂಡು, ನಾಲ್ಕನೆಯದನ್ನು ಯಾತಕ್ಕೆಂದು ಹೇಳದೆ ಮಾಡಿಸಿಕೊಂಡಳು. ನಾನೂ ಕೇಳಲಿಲ್ಲ.

ನಮ್ಮ ಎದುರು ಮನೆ ಇಂದುಬಾಯಿಯದು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಕರೆಯುವುದು ಇಂದಕ್ಕ ಎಂದು. ಗಂಡ ಗುರುಲಿಂಗಪ್ಪ ತೊಗರಿ ವ್ಯಾಪಾರದವರು. ಅವರ ದರ್ಬಾರು ಅಂಗಡಿಯಲ್ಲಿ, ಮನೆಯ ದರ್ಬಾರು ಇಂದಕ್ಕನದು. ಇಪ್ಪತ್ತೆರಡು ವರ್ಷದಿಂದ ಅವಳ ಒಂದು ಜಂಪರೂ ಬೇರೆಯವರ ಕತ್ತರಿಗೆ ಸಿಕ್ಕಿಲ್ಲ. ನಾನು ಹುಮಾಳನ್ನು ಹಡೆದಾಗ ಹದಿನೈದು ದಿನ ಅವರ ಮನೆಯಿಂದ ಬಿಸಿನೀರೂ ಬಂತು, ಬೆಳ್ಳುಳ್ಳಿ ಖಾರವೂ ಬಂತು. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಇಂದಕ್ಕ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ಅವಳ ಮಗ ಸಂಗಮೇಶನ ಮದುವೆ ಈ ವರ್ಷ ಜ್ಯೇಷ್ಠ ಮಾಸದಲ್ಲಿ ಕೊಲ್ಹಾರದಲ್ಲಾಯಿತು. ನಾವೂ ಹೋಗಿದ್ದೆವು, ಊಟ ಮಾಡಿದೆವು, ಫೋಟೋಕ್ಕೆ ನಿಂತೆವು. ಮದುಮಗಳು ಮನೆ ತುಂಬಿದ ದಿನದ ಶಾಸ್ತ್ರವೆಲ್ಲ ಅವರ ಒಳಮನೆಯಲ್ಲಿ, ಬೀಗರು ನೆಂಟರ ನಡುವೆ ನಡೆಯಿತು. ಅಲ್ಲಿ ನಮಗೇನು ಕೆಲಸ. ಆಮೇಲೆ ಗಂಡ ಹೆಂಡತಿ ದೇವರು ದಿಂಡರು, ನೆಂಟರ ಮನೆ ಎಂದು ತಿರುಗಿದರು. ಆಷಾಢ ಬಂತು, ಹುಡುಗಿ ತವರಿಗೆ ಹೋದಳು. ಹೀಗಾಗಿ ಆ ಮನೆಯಲ್ಲಿ ಅವಳನ್ನು ಏನೆಂದು ಕರೆಯುತ್ತಾರೆಂದು ನನ್ನ ಕಿವಿಗೆ ಬೀಳಲೇ ಇಲ್ಲ. ಇಂದಕ್ಕನಂತೂ ‘ನಮ್ಮ ಸೊಸಿ, ನಮ್ಮ ಸೊಸಿ’ ಎಂದೇ ಹೇಳಿಕೊಂಡು ತಿರುಗುತ್ತಿದ್ದಳು.

ಶ್ರಾವಣ ಇನ್ನು ಎಂಟು ದಿನ ಇದೆ ಅನ್ನುವಾಗ ಅವಳು ಜಂಪರಿನ ಒಂದು ಖಣ ಹಿಡಿದುಕೊಂಡು ಬಂದಳು. ಕಡುಗೆಂಪು ಮೈ, ಹಳದಿ ಅಂಚು. ಟ್ರಂಕಿನ ತಳದಲ್ಲಿದ್ದು ಮಡಿಕೆ ಬಿದ್ದಿತ್ತು, ಬಣ್ಣ ಮಾತ್ರ ಕದಲಿರಲಿಲ್ಲ. ಅವಳ ಅತ್ತೆ ಅವಳಿಗೆ ಮೊದಲ ಸಲ ಉಡಿ ತುಂಬಿದಾಗ ಕೊಟ್ಟದ್ದಂತೆ, ಇಷ್ಟು ವರ್ಷ ಕತ್ತರಿ ತಾಗಿಸಿರಲಿಲ್ಲವಂತೆ. ಸೊಸೆಗೆ ದೇವರ ಹಿಪ್ಪರಗಿಯ ಒಂದು ಸಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆ, ಶ್ರಾವಣದ ಮೊದಲ ಸೋಮವಾರ ಹಾಜರಾಗಬೇಕು, ದಿನಾ ಬಸ್ಸಿನಲ್ಲಿ ಹೋಗಿಬರುವವಳಿಗೆ ಒಂದು ಗಟ್ಟಿ ಚೀಲ ಬೇಕು ಅಂದಳು. ನಮ್ಮ ಮನೆತನದಲ್ಲಿ ನೌಕರಿಗೆ ಹೋಗುವ ಮೊದಲ ಸೊಸೆ ಎಂದು ಮೂರು ಸಲ ಹೇಳಿದಳು. ಮೇಲೆ ಏನು ಹಾಕಲಿ ಎಂದು ಕೇಳಿದೆ.

“ನಮ್ಮ ಸೊಸಿ ಹೆಸರು ಹಾಕು,” ಅಂದಳು. “ದೊಡ್ಡದಾಗಿ ಹಾಕು, ಬಸ್ಸಿನ್ಯಾಗ ಎಲ್ಲಾರಿಗೂ ಕಾಣಬೇಕು.”

ನನಗೆ ಹೆಸರು ಕೇಳುವ ಗರಜು ಏನಿತ್ತು? ಲಗ್ನಪತ್ರಿಕೆ ನನ್ನ ಹತ್ತಿರವೇ ಇತ್ತು. ಟೇಲರಿಗೆ ಲಗ್ನಪತ್ರಿಕೆಯೆಂದರೆ ದಪ್ಪ ಕಾಗದ. ಓಣಿಯ ಪತ್ರಿಕೆಗಳನ್ನೆಲ್ಲ ಕೂಡಿಟ್ಟು ಜೇಬಿನ ಅಳತೆ, ಕೊರಳಿನ ಅಳತೆ ಕತ್ತರಿಸಿಕೊಳ್ಳುತ್ತೇನೆ. ಸಂಗಮೇಶನ ಪತ್ರಿಕೆ ಇನ್ನೂ ಕತ್ತರಿಯ ಕೆಳಗೆ ಬಂದಿರಲಿಲ್ಲ. ಅದರಲ್ಲಿ ‘ಶೈಲಶ್ರೀ’ ಎಂದು ಬಳ್ಳಿ ಸುತ್ತಿದ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಆ ಚೀಲಕ್ಕೆ ನಾನು ಹಾಕಿದಷ್ಟು ಜೀವ ಬೇರೆ ಯಾವುದಕ್ಕೂ ಹಾಕಿಲ್ಲ. ಖಣ ತೆಳು, ಅಗಲವೂ ಕಡಿಮೆ, ತಪ್ಪಿ ಕತ್ತರಿಸಿದರೆ ಇನ್ನೊಂದು ಎಲ್ಲಿಂದ ತರುವುದು? ಮೊದಲು ಹಳೆಯ ಚಾದರದಲ್ಲಿ ಒಂದು ಚೀಲ ಹೊಲಿದು ನೋಡಿದೆ. ಆಮೇಲೆ ಖಣದ ಬೆನ್ನಿಗೆ ಕ್ಯಾನ್ವಾಸ್ ಕೊಟ್ಟು, ಒಳಗೆ ನೀಲಿ ಕಾಟನ್ನಿನ ಅಸ್ತರು ಹಾಕಿದೆ. ಹಳದಿ ಅಂಚು ಸರಿಯಾಗಿ ಮುಚ್ಚಳದ ತುದಿಗೆ ಬರುವಂತೆ ಕೂಡಿಸಿದೆ. ಒಳಗೆ ಪೆನ್ನಿಗೊಂದು, ಮೊಬೈಲಿಗೊಂದು, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡಿಗೊಂದು ಜೇಬು. ಹೆಗಲಿನ ಪಟ್ಟಿಗೆ ಮಂಚಕ್ಕೆ ಹೆಣೆಯುವ ನವಾರ ಇಟ್ಟು ಮೇಲೆ ಬಟ್ಟೆ ಹೊದಿಸಿ ನಾಲ್ಕು ಸಾಲು ಹೊಲಿಗೆ ಹೊಡೆದೆ. ಪುಸ್ತಕ ತುಂಬಿದರೂ ಹರಿಯಬಾರದು. ಉದ್ದ ಗಿಡ್ಡ ಮಾಡಲು ಸರಿಸುವ ಒಂದು ಲೋಹದ ಕಡಿ ಹಾಕಿದೆ. ಕೊನೆಗೆ ಮುಚ್ಚಳದ ಮೇಲೆ ಪತ್ರಿಕೆಯ ಅಕ್ಷರ ಕಾರ್ಬನ್ನಿನಿಂದ ಇಳಿಸಿಕೊಂಡು, ಹಳದಿ ರೇಷ್ಮೆ ದಾರದಿಂದ ಕೈಯಲ್ಲೇ ಸರಪಳಿ ಹೊಲಿಗೆ ಹಾಕಿದೆ. ಮೂರೇ ಅಕ್ಷರ, ಎರಡು ಮಧ್ಯಾಹ್ನ ಹಿಡಿಯಿತು. ‘ಶ್ರೀ’ ಮುಗಿದಾಗ ನನಗೇ ಹೆಮ್ಮೆಯಾಗಿ ಹನೀಫರನ್ನು ಕರೆದು ತೋರಿಸಿದೆ.

ಆಷಾಢ ಕಳೆದು ಹುಡುಗಿ ಶುಕ್ರವಾರ ಬಂದಳು. ಪಟ್ಟಿಯ ಅಳತೆ ನೋಡಲು ಇಂದಕ್ಕ ಅವಳನ್ನು ನನ್ನ ಮನೆಗೆ ಕಳಿಸಿದಳು. ಸಣ್ಣ ಹುಡುಗಿ, ಇಪ್ಪತ್ನಾಲ್ಕು ಇರಬಹುದು, ಮಾತು ಕಡಿಮೆ. ಚೀಲ ಹೆಗಲಿಗೆ ಹಾಕಿ ಕಡಿ ಸರಿಸುತ್ತಿದ್ದೆ. ಅವಳು ಮುಚ್ಚಳ ನೋಡಿದಳು, ಬೆರಳಿನಿಂದ ಅಕ್ಷರದ ಮೇಲೆ ಒಂದು ಸಲ ತೀಡಿದಳು, ಆಮೇಲೆ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು.

“ಈ ಹೆಸರು ಹಾಕಂತ ಅತ್ತಿ ಹೇಳ್ಯಾರೇನ್ರಿ ಅಕ್ಕಾರ?”

ಸೊಸೆಯ ಹೆಸರು ಹಾಕು ಅಂದಳು, ಹಾಕಿದೆ. ನಿನ್ನ ಹೆಸರು ಇದೇ ತಾನೇ ಎಂದು ಕೇಳಿದೆ. ಇತ್ತು ಅಂದಳು. ಆಮೇಲೆ ಹೇಳಿದಳು. ಮನೆ ತುಂಬಿದ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಸಂಗಮೇಶನ ಕೈಯಲ್ಲಿ ಉಂಗುರ ಕೊಟ್ಟು ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು. ಭಾಗೀರಥಿ. ಇಂದಕ್ಕನ ಅತ್ತೆಯ ಹೆಸರದು. ಅವತ್ತಿನಿಂದ ಆ ಮನೆಯಲ್ಲಿ ಇವಳು ಭಾಗೀರಥಿ. ಮನೆಯಲ್ಲಿ ಕರೆದರೆ ಕರೆಯಲಿ ಎಂದುಕೊಂಡಿದ್ದಳು. ಈಗ ಆಧಾರ್ ಕಾರ್ಡಿನಲ್ಲೂ ಬದಲಿಸಬೇಕಂತೆ. ಸಂಗಮೇಶ ಅರ್ಜಿ ತುಂಬಿ ಇಟ್ಟಿದ್ದಾನೆ, ಮಂಗಳವಾರ ಹೋಗಿ ಕೊಡುವುದು, ಇವಳ ಸಹಿಯೊಂದು ಬಾಕಿ.

“ನನ್ನ ಮಾರ್ಕ್ಸ್ ಕಾರ್ಡ್ ಎಲ್ಲಾ ಶೈಲಶ್ರೀ ಹೆಸರಿನ್ಯಾಗ ಅದಾವ್ರಿ,” ಅಂದಳು. “ಹತ್ತನೇತ್ತಿನ್ಯಾಗ ಸಾಲಿಗೇ ಮೊದಲ ಬಂದಾಗ ಈ ಹೆಸರ ಬೋರ್ಡಿನ ಮ್ಯಾಲೆ ಬರದಿದ್ರು. ಅದು ಯಾರೋ ಬ್ಯಾರೆದವಳದು ಆಗ್ತೈತ್ರಿ.”

ನನಗೆ ಎರಡು ಸಂಕಟ. ಒಂದು, ಇಂದಕ್ಕನ ಖಣ ಹಾಳು ಮಾಡಿದೆನಲ್ಲ ಎಂದು. ಇನ್ನೊಂದು, ಈ ಹುಡುಗಿಯ ಮುಖ ನೋಡಿ. ಬದಲು ಮಾಡಲೇ ಎಂದು ಕೇಳಿದೆ. ಕೇಳುವುದು ನನ್ನ ಕೆಲಸ. ಅವಳು ಚೀಲದ ಮೇಲೆ ಕೈ ಇಟ್ಟುಕೊಂಡಳು.

“ತಪ್ಪು ನಿಮ್ದು ಅಂತ ಬೇಕಾದ್ರ ಹೇಳ್ರಿ. ಆದ್ರ ಬಿಚ್ಚಬ್ಯಾಡ್ರಿ.”

ಆಯಿತು ಅಂದೆ. ಒಂದೇ ಮಾತು. ಇಂಥ ಮಾತು ಕೊಡುವಾಗ ನಾಲಿಗೆಗೆ ಭಾರ ಗೊತ್ತಾಗುವುದಿಲ್ಲ.

ಹುಡುಗಿ ಚೀಲ ಹಾಕಿಕೊಂಡು ಮನೆಗೆ ಹೋದ ಅರ್ಧ ತಾಸಿನೊಳಗೆ ಇಂದಕ್ಕ ಅದನ್ನೇ ಹಿಡಿದುಕೊಂಡು ಬಂದಳು. ಸಿಟ್ಟಿಲ್ಲದೆ ಬಂದಳು. ನನಗೆ ಗೊತ್ತಿಲ್ಲದೆ ಆದದ್ದು ಎಂದು ಅವಳಿಗೂ ತಿಳಿದಿತ್ತು, ನಕ್ಕಳು ಕೂಡ. ಪತ್ರಿಕೆ ನೋಡಿ ಹಾಕಿದೆಯೇನೇ ಹುಚ್ಚಿ, ಬಿಚ್ಚಿ ಭಾಗೀರಥಿ ಅಂತ ಹಾಕಿಬಿಡು, ಸೋಮವಾರದೊಳಗೆ ಕೊಡು ಅಂದಳು. ನಾನು ಮೊದಲು ಬಟ್ಟೆಯ ನೆಪ ಹೇಳಿದೆ. ಇದು ಹಳೆಯ ಖಣ ಅಕ್ಕಾ, ಸರಪಳಿ ಹೊಲಿಗೆ ಒತ್ತೊತ್ತಾಗಿ ಬಿದ್ದಿದೆ, ದಾರ ತೆಗೆದರೂ ಸೂಜಿಯ ತೂತು ಮುಚ್ಚುವುದಿಲ್ಲ, ಹೊಸ ಹೆಸರಿನ ಕೆಳಗೆ ಹಳೆಯದು ಕಾಣುತ್ತಲೇ ಇರುತ್ತದೆ. ನಿನಗೆ ಬೇಕಾದರೆ ನನ್ನ ಖರ್ಚಿನಲ್ಲಿ ಹೊಸ ಖಣ ತಂದು ಇನ್ನೊಂದು ಹೊಲಿಯುತ್ತೇನೆ, ಇದು ಹೀಗೇ ಇರಲಿ. ಅವಳು ಒಪ್ಪಲಿಲ್ಲ. ಆ ಖಣವನ್ನು ಕೊಟ್ಟವರ ಹೆಸರೇ ಅದರ ಮೇಲೆ ಬರಬೇಕಿತ್ತು. ಬೇರೆ ಖಣ ಯಾತಕ್ಕೆ ಅಂದಳು.

ನೆಪ ಮುಗಿಯಿತು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದೂ ಇಲ್ಲ.

“ಬಿಚ್ಚಂಗಿಲ್ಲ ಅಕ್ಕಾ. ಹೆಸರು ಯಾರದೋ ಅವರು ಬಂದು ಬಿಚ್ಚು ಅನ್ಲಿ, ಈ ಕೂಡ್ಲೆ ಬ್ಲೇಡ್ ಹಿಡಿತೇನಿ.”

ಆಗ ಅವಳ ಮುಖ ಬದಲಾಯಿತು. ಸ್ಟೂಲಿನ ಮೇಲೆ ಕೂತಳು. ನನ್ನನ್ನು ನೋಡದೆ, ಚೀಲ ನೋಡುತ್ತ ಮಾತಾಡಿದಳು. ತನ್ನ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷ ಇದ್ದಾಗ ತಾನೇ ಎತ್ತಿ ಇಳಿಸಿದ್ದು, ಕೊನೆಗೆ ಆ ಮುದುಕಿ ಕೈ ಹಿಡಿದು ನನ್ನ ಹೆಸರು ಈ ಮನೆಯಲ್ಲಿ ಉಳಿಸು ಅಂದದ್ದು, ತಾನು ಹೂಂ ಅಂದದ್ದು. ಇದೆಲ್ಲ ನಿಜ. ಆ ಮುದುಕಿಯನ್ನು ನಾನೂ ಬಲ್ಲೆ.

“ತವರಮನಿ ಹಲಸಂಗ್ಯಾಗ ನಾನು ತಾರಾ ಇದ್ದೆ,” ಅಂದಳು. “ಇಲ್ಲಿ ಬಂದು ಇಂದುಬಾಯಿ ಆದೆ. ನನ್ನದೇನು ಹೋತು? ಹೊಸ ಮನಿಯಾಗ ಹೊಸದಾಗಿ ಹುಟ್ಟಿದೆ ಅಂತ ತಿಳಕೊಂಡೆ. ಹಳೇ ಹೆಸರು ಹಿಡಕೊಂಡು ಕುಂತಾಕಿ ಒಂದು ಕಾಲು ಹೊರಗ ಇಟ್ಟಿರ್ತಾಳ, ಸಿದ್ದೀಕಾ. ನನಗ ಇರೂದು ಒಬ್ಬ ಮಗ.”

ಅಲ್ಲಿಗೆ ಅವಳ ಹೆದರಿಕೆ ಏನೆಂದು ತಿಳಿಯಿತು. ಪಾಪ ಅನ್ನಿಸಿತು, ಅನ್ನಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಪಾಪ ಅನ್ನಿಸಿದ್ದಕ್ಕೆಲ್ಲ ದಾರ ಬಿಚ್ಚುತ್ತ ಕೂತರೆ ಚೀಲ ಉಳಿಯುವುದಿಲ್ಲ. ಮುದುಕಿಯ ಹೆಸರು ಉಳಿಸಬೇಕೆಂದರೆ ಮೊಮ್ಮಗಳು ಹುಟ್ಟಿದಾಗ ಅವಳಿಗೆ ಇಡು, ಖಾಲಿ ಇದ್ದಲ್ಲಿ ಹೆಸರು ಇಡಬೇಕು, ಇದ್ದದ್ದನ್ನು ಕಿತ್ತು ಇಡಬಾರದು ಅಂದೆ. ನಿನಗೆ ನಮ್ಮ ಶಾಸ್ತ್ರ ಏನು ತಿಳಿಯುತ್ತದೆ, ನಿಮ್ಮಲ್ಲಿ ಹೀಗಿಲ್ಲ ಅಂದಳು. ನಮ್ಮಲ್ಲಿ ನಿಕಾಹದ ಹೊತ್ತು ಮೂರು ಸಲ ನನ್ನ ಹೆಸರು ಹಿಡಿದೇ ಒಪ್ಪಿಗೆ ಕೇಳಿದರು ಅಕ್ಕಾ, ಅದಾದ ಮೇಲೆ ಇಪ್ಪತ್ತು ವರ್ಷ ಹನೀಫನ ಹೆಂಡತಿ ಎಂದೇ ಕರೆದರು, ನಮ್ಮದೇನು ದೊಡ್ಡದಲ್ಲ, ಅದಕ್ಕೇ ಹೇಳುತ್ತಿದ್ದೇನೆ ಅಂದೆ. ಅವಳು ಎದ್ದಳು. ಚೀಲವನ್ನು ನನ್ನ ಮಷೀನಿನ ಮೇಲೆ ಇಟ್ಟಳು. ನಾಳೆ ಮುಂಜಾನೆ ಬರುತ್ತೇನೆ, ಬಿಚ್ಚಿರಬೇಕು. ಇಲ್ಲದಿದ್ದರೆ ನಮ್ಮ ಮನೆಯ ಒಂದು ಚಿಂದಿ ಬಟ್ಟೆಯೂ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೋದಳು.

ಅದು ಬರೀ ಬೆದರಿಕೆಯಲ್ಲ. ಮುದ್ದೇಬಿಹಾಳದಲ್ಲಿ ಅವಳ ತಮ್ಮನ ಮಗಳ ಮದುವೆಯಿತ್ತು. ಹದಿನೆಂಟು ಜಂಪರಿನ ಬಟ್ಟೆ ನನ್ನ ಕಪಾಟಿನಲ್ಲಿತ್ತು, ಅರ್ಧಕ್ಕೆ ಅಳತೆಯೂ ಹಾಕಿಯಾಗಿತ್ತು. ಇಂದಕ್ಕ ಬಿಟ್ಟರೆ ಅವಳ ಹಿಂದೆ ಅರ್ಧ ಓಣಿ ಬಿಡುತ್ತದೆ. ಹನೀಫ ಎಲ್ಲ ಕೇಳಿ, ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಅಂದರು. ಆ ಗಾದೆ ನಮಗಾಗಿಯೇ ಮಾಡಿದ್ದು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸೊರಗಿದರೆ ಸೊರಗಿದೆ, ಮಾತು ಕೊಟ್ಟಿದ್ದೇನೆ ಅಂದೆ.

ಆದರೂ ಮುಂಜಾನೆ ಎದ್ದು ನಾನು ಬ್ಲೇಡು ಹಿಡಿದು ಕೂತೆ. ಇದನ್ನೂ ಹೇಳಬೇಕು. ಬಿಸಿನೀರು, ಬೆಳ್ಳುಳ್ಳಿ ಖಾರ, ಇಪ್ಪತ್ತೆರಡು ವರ್ಷ, ಕಪಾಟಿನ ಹದಿನೆಂಟು ಜಂಪರು, ಎಲ್ಲ ಸೇರಿ ಕೈಗೆ ಬ್ಲೇಡು ಕೊಟ್ಟವು. ‘ಶೈ’ ಅಕ್ಷರದ ಮೊದಲ ಕುಣಿಕೆಯ ಕೆಳಗೆ ಮೊನೆ ಸೇರಿಸಿದೆ. ದಾರ ಬಿಗಿಯಾಗಿ ಮೇಲೆದ್ದಿತು, ಇನ್ನೊಂದು ಚೂರು ಒತ್ತಿದರೆ ಮುಗಿಯಿತು. ಹೀಗೆ ಕಡಿಯಲಿ ಎಂದಾ ಆ ಹುಡುಗಿ ನನ್ನ ಮೇಲೆ ನಂಬಿಕೆ ಇಟ್ಟದ್ದು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಬ್ಲೇಡು ಡಬ್ಬಿಯಲ್ಲಿ ಹಾಕಿ, ಕಪಾಟು ತೆರೆದು ಹದಿನೆಂಟು ಬಟ್ಟೆಯನ್ನೂ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟೆ.

ಇಂದಕ್ಕ ಸೊಸೆಯನ್ನೂ ಕರೆದುಕೊಂಡು ಬಂದಳು. ಗಂಟು ನೋಡಿದಳು, ಚೀಲ ನೋಡಿದಳು. ಹೆಸರಿನವಳೇ ಹೇಳಬೇಕಂತೆ, ಹೇಳು ಎಂದು ಹುಡುಗಿಯನ್ನು ಮುಂದೆ ನಿಲ್ಲಿಸಿದಳು. ಹುಡುಗಿ ಬಿಚ್ಚಿರಿ ಅಂದರೆ ನಾನು ಬಿಚ್ಚಲೇಬೇಕು, ಮಾತೆಂದರೆ ಅದೂ ಮಾತೇ. ಹುಡುಗಿ ಚೀಲದ ಮುಚ್ಚಳದ ಮೇಲೆ ಬೆರಳು ಇಟ್ಟಳು.

“ಹೆಸರು ಚಂದ ಬಂದೈತ್ರಿ ಅಕ್ಕಾರ,” ಅಂದಳು.

ಅಷ್ಟೇ. ಇಂದಕ್ಕ ಚೀಲ ಎತ್ತಿಕೊಂಡಳು, ಗಂಟು ಎತ್ತಿಕೊಂಡಳು, ಹೋದಳು. ಭಾನುವಾರ ಮಧ್ಯಾಹ್ನ ಅವಳು ತನ್ನ ಕಟ್ಟೆಯ ಮೇಲೆ, ಇಡೀ ಓಣಿಗೆ ಕಾಣುವಂತೆ ಕೂತು, ಗುರುಲಿಂಗಪ್ಪನವರ ದಾಡಿ ಬ್ಲೇಡಿನಿಂದ ತಾನೇ ಬಿಚ್ಚಿದಳು. ನಾನು ಮಷೀನಿನಿಂದ ನೋಡುತ್ತಿದ್ದೆ. ಹಳದಿ ದಾರದ ಚೂರುಗಳು ಅವಳ ಮಡಿಲಲ್ಲಿ ಬಿದ್ದವು. ಬಿಚ್ಚಿದ ಮೇಲೆ ನೀರು ಚಿಮುಕಿಸಿದಳು, ಉಗುರಿನಿಂದ ತಿಕ್ಕಿದಳು, ಇಸ್ತ್ರಿ ಹಾಕಿ ತಂದು ಬಿಸಿಲಿಗೆ ಹಿಡಿದಳು. ತೂತು ಹೋಗಲಿಲ್ಲ. ನಾನು ಹೇಳಿದ್ದೆ.

ಆ ಮಧ್ಯಾಹ್ನ ಸಂಗಮೇಶ ಬಂದ. ಸಣ್ಣವನಿದ್ದಾಗಿನಿಂದ ನನ್ನನ್ನು ಚಾಚಿ ಅನ್ನುವವನು, ಒಳ್ಳೆಯ ಹುಡುಗ, ಬೆನ್ನು ಮಾತ್ರ ಸ್ವಲ್ಪ ಮೆತ್ತಗೆ. ಯಾಕೆ ಚಾಚಿ ಒಂದು ಹೆಸರಿಗೆ ಇಷ್ಟು ರಂಪ, ನನಗೆ ಎರಡೂ ಹೆಸರು ಒಂದೇ ಅಂದ. ನಿನಗೆ ಒಂದೇ ಇರಬೇಕಪ್ಪಾ, ಬದಲಾಗುತ್ತಿರುವುದು ನಿನ್ನದಲ್ಲವಲ್ಲ ಅಂದೆ. ಅರ್ಜಿ ತುಂಬಿದ್ದು ನೀನು, ಉಂಗುರ ಹಿಡಿದದ್ದು ನೀನು, ಈಗ ಬಂದು ರಂಪ ಎಂದರೆ ಹೇಗೆ? ಅವಳಿಗೆ ಯಾವ ಹೆಸರು ಬೇಕೆಂದು ಒಂದು ಸಲವಾದರೂ ಕೇಳಿದೆಯಾ? ಅವನು ಮೊಬೈಲು ಜೇಬಿಗೆ ಹಾಕಿಕೊಂಡು ಹೋದ.

ಸೋಮವಾರ ಮುಂಜಾನೆ ಏಳೂವರೆಗೆ ನಾನು ಬಾಗಿಲು ತೆರೆದು ಕಸ ಹೊಡೆಯುತ್ತಿದ್ದೆ. ಎಂಟಕ್ಕೆ ವಿಜಯಪುರದ ಬಸ್ಸು ಬಿಡುತ್ತದೆ. ದೇವರ ಹಿಪ್ಪರಗಿಗೆ ಸಾಲೆಯ ಹೊತ್ತಿಗೆ ಮುಟ್ಟಬೇಕೆಂದರೆ ಅದೇ ಬಸ್ಸು. ಹುಡುಗಿ ಹೊರಗೆ ಬಂದಳು. ನೀಲಿ ಸೀರೆ, ಎಣ್ಣೆ ಹಚ್ಚಿ ಹೆಣೆದ ಜಡೆ, ಹೆಗಲಿಗೆ ಅಡ್ಡಲಾಗಿ ಆ ಚೀಲ. ಮುಂಜಾನೆಯ ಬಿಸಿಲು ಓರೆಯಾಗಿ ಬಿದ್ದು ಕೆಂಪು ಖಣದ ಮೇಲೆ ತೂತುಗಳ ಸಾಲು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅವಳು ಬಸ್‌ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ನೆಟ್ಟಗೆ ಓಣಿ ದಾಟಿ ನನ್ನ ಮೆಟ್ಟಿಲಿಗೆ ಬಂದಳು, ಸೂಜಿ ದಾರ ಕೊಡಿರಿ ಅಂದಳು.

ಹೊತ್ತಾಗಿದೆ, ಸಂಜೆ ಬಾ, ನಾನು ಹಾಕಿಕೊಡುತ್ತೇನೆ ಅಂದೆ.

“ನೀವು ಬ್ಯಾಡ್ರಿ. ನಾನ ಹೊಲಿತೇನಿ. ಇಲ್ಲೇ ಕುಂತು ಹೊಲಿತೇನಿ.”

ಯಾವ ಬಣ್ಣ ಬೇಕೆಂದು ಕೇಳಿದೆ. ಬಿಳಿ ಅಂದಳು. ಕೆಂಪು ಖಣದ ಮೇಲೆ ಬಿಳಿ ಹಾಕಿದರೆ ಓಣಿಯ ಆ ತುದಿಗೂ ಕಾಣುತ್ತದೆ. ದಾರ ಪೋಣಿಸಿ ಕೊಟ್ಟೆ. ಮೆಟ್ಟಿಲ ಮೇಲೆ ಕೂತು, ಚೀಲ ತೊಡೆಯ ಮೇಲಿಟ್ಟು ಹೊಲಿಯತೊಡಗಿದಳು. ಅವಳಿಗೆ ಸರಪಳಿ ಹೊಲಿಗೆ ಬರುತ್ತಿರಲಿಲ್ಲ, ಸಾದಾ ಹೊಲಿಗೆ. ಆದರೆ ತೂತು ಇದ್ದವು. ಒಂದರಲ್ಲಿ ಇಳಿಸಿ ಇನ್ನೊಂದರಲ್ಲಿ ಎತ್ತಿದರಾಯಿತು. ನಾನು ಕಸಬರಿಗೆ ಹಿಡಿದು ಹಾಗೇ ನಿಂತೆ. ಪಕ್ಕದ ಮನೆಯ ಪೀರಬಿ ನೀರಿನ ಕೊಡ ಇಳಿಸಿ ನಿಂತಳು. ಹಾಲಿನ ಸೋಮನಿಂಗ ಸೈಕಲ್ಲು ನಿಲ್ಲಿಸಿದ.

ಇಂದಕ್ಕ ಕಟ್ಟೆಗೆ ಬಂದದ್ದು ‘ಶೈ’ ಮುಗಿದಾಗ. ಬಸ್ಸಿಗೆ ಹೋದಳೆಂದುಕೊಂಡಿದ್ದ ಸೊಸೆ ಎದುರು ಮನೆಯ ಮೆಟ್ಟಿಲ ಮೇಲೆ ಕಂಡಳು. ಕೈಯಲ್ಲಿ ಏನಿದೆ ಎಂದೂ ಕಂಡಿತು.

“ಭಾಗೀರಥಿ,” ಎಂದು ಕರೆದಳು.

ಹುಡುಗಿ ತಲೆ ಎತ್ತಲಿಲ್ಲ. ಸೂಜಿ ಇಳಿಯಿತು, ಎದ್ದಿತು. ಇಂದಕ್ಕ ಇನ್ನೊಂದು ಸಲ, ಗಟ್ಟಿಯಾಗಿ ಕರೆದಳು. ಪೀರಬಿ ನನ್ನ ಮುಖ ನೋಡಿದಳು. ಹುಡುಗಿ ‘ಲ’ ಅಕ್ಷರದ ತಿರುವಿನಲ್ಲಿ ಒಂದು ತೂತು ತಪ್ಪಿಸಿದ್ದಳು. ದಾರ ಹಿಂದೆ ಎಳೆದು ಸರಿಪಡಿಸಿಕೊಂಡಳು. ಕಿವುಡಿಯಾಗಿರಲಿಲ್ಲ. ಆದರೆ ಆ ಹೆಸರಿಗೆ ಅವಳು ಇನ್ನು ಓ ಅನ್ನುವವಳಲ್ಲ ಎಂದು ಓಣಿಗೆಲ್ಲ ತಿಳಿಯಿತು.

ಸಂಗಮೇಶ ಬೈಕಿನ ಚಾವಿ ಹಿಡಿದು ಹೊರಗೆ ಬಂದ. ಅವ್ವನ ಎದುರಿಗೆ ಯಾವ ಹೆಸರು ಹಿಡಿದು ಕರೆಯಬೇಕೆಂದು ತಿಳಿಯದೆ, ಏ, ಇಲ್ಲಿ ಕೇಳು ಅಂದ. ಅದಕ್ಕೂ ಅವಳು ಏಳಲಿಲ್ಲ. ನೀನು ಹೋಗಿ ಎಳೆದುಕೊಂಡು ಬಾ ಎಂದು ಇಂದಕ್ಕ ಅವನಿಗೆ ಹೇಳಿದಳು. ಸಂಗಮೇಶ ಎರಡು ಮೆಟ್ಟಿಲು ಇಳಿದು ನಿಂತುಬಿಟ್ಟ. ನಾನೊಲ್ಲೆ ಅವ್ವಾ ಅಂದ. ಅವನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಎಂಟಕ್ಕೆ ಹನ್ನೆರಡು ಹದಿಮೂರು ನಿಮಿಷ ಇತ್ತು. ‘ಶ್ರೀ’ ಅರ್ಧ ಆಗಿತ್ತು. ಇಂದಕ್ಕ ಕಟ್ಟೆಯ ಮೇಲೆ ನಿಂತು ಒಮ್ಮೆ ರಸ್ತೆಯ ಕಡೆ, ಒಮ್ಮೆ ಸೊಸೆಯ ಕಡೆ ನೋಡುತ್ತಿದ್ದಳು. ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು, ನಮ್ಮ ಸೊಸೆ ಟೀಚರ್ ಎಂದು. ಮೊದಲ ದಿನವೇ ತಡವಾಗಿ ಹೋದರೆ ಹಿಪ್ಪರಗಿಯಲ್ಲಿ ಇಂದಕ್ಕನ ನೆಂಟರು ಮೂರು ಮನೆಯಿದ್ದಾರೆ, ಸಂಜೆಯೊಳಗೆ ಸುದ್ದಿ ಮುದ್ದೇಬಿಹಾಳ ಮುಟ್ಟುತ್ತದೆ. ಹೊಸ್ತಿಲೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಹೋಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು, ಬಿಟ್ಟಳು. ಮೆಟ್ಟಿಲಿಳಿದು ಓಣಿಯ ನಡುವಿನವರೆಗೆ ಬಂದು ನಿಂತಳು. ಸಿಟ್ಟಿನಿಂದಲೇ ಕರೆದಳು, ಎಲ್ಲರಿಗೂ ಕೇಳುವ ಹಾಗೆ.

“ಶೈಲಶ್ರೀ. ಬಸ್ ಹೋಗ್ತೈತಿ, ಏಳು.”

ಹುಡುಗಿ ತಲೆ ಎತ್ತಿದಳು.

“ಬಂದೇರಿ ಅತ್ತಿ,” ಅಂದಳು. ಉಳಿದ ನಾಲ್ಕು ತೂತಿನಲ್ಲಿ ದಾರ ಎಳೆದು, ಗಂಟು ಹಾಕಿ, ಹಲ್ಲಿನಿಂದ ಕಡಿದಳು. ಸೂಜಿ ನನ್ನ ಕೈಗೆ ಕೊಟ್ಟು, ಚೀಲ ಅಡ್ಡ ಹಾಕಿಕೊಂಡು, ಅತ್ತೆಯ ಪಕ್ಕದಿಂದಲೇ ಬಸ್ಸಿಗೆ ನಡೆದಳು.